ಬಾಗದ ಪದಗಳು

ಮೂವತ್ತೆರಡು ವರ್ಷ ನಾನು ಸರ್ಕಾರಿ ಹೈಸ್ಕೂಲುಗಳಲ್ಲಿ ಕನ್ನಡ ಕಲಿಸಿದೆ. ಮೊದಲು ಜೇವರ್ಗಿ ತಾಲ್ಲೂಕಿನಲ್ಲಿ, ಆಮೇಲೆ ಅಫಜಲಪುರದಲ್ಲಿ. ಪ್ರತಿ ವರ್ಷವೂ ಅವ್ಯಯಗಳ ಪಾಠ ಬರುತ್ತಿತ್ತು. ಲಿಂಗ, ವಚನ, ವಿಭಕ್ತಿ ಯಾವುದು ಬಂದರೂ ರೂಪ ಬದಲಿಸದ ಪದ ಎಂದು ಹಲಗೆಯ ಮೇಲೆ ಬರೆದು, ಅದರ ಕೆಳಗೆ ಮತ್ತು, ಅಥವಾ, ಸುಮ್ಮನೆ, ಬೇಗನೆ ಎಂದು ನಾಲ್ಕು ಉದಾಹರಣೆ ಕೊಡುತ್ತಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಒಂದೇ ಅಂಕ. ನಾನು ಆ ಪಾಠವನ್ನು ಅರ್ಧ ಪೀರಿಯಡ್ಡಿನಲ್ಲಿ ಮುಗಿಸಿ ಮುಂದಕ್ಕೆ ಹೋಗಿಬಿಡುತ್ತಿದ್ದೆ. ಸಂಧಿ ಸಮಾಸಗಳಿಗೆ ವಾರಗಟ್ಟಲೆ ನಿಲ್ಲುವ ಮಾಸ್ತರು ಇಲ್ಲಿ ಯಾಕೆ ಓಡುತ್ತಾರೆಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ.

ನೌಕರಿಗೆ ಸೇರಿದ ಹೊಸತರಲ್ಲಿ ಜೇವರ್ಗಿಯ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮನೆಯ ಮಾಳಿಗೆಯ ಮೇಲೆ ನಾನು ಮತ್ತು ಗಣಿತದ ಮಾಸ್ತರು ಒಟ್ಟಿಗೆ ಇದ್ದೆವು. ಇಬ್ಬರೂ ಆಳಂದ ತಾಲ್ಲೂಕಿನವರು. ನನ್ನದು ನಿಂಬರ್ಗಾದ ಕಡೆ, ತೊಗರಿ ಜೋಳ ಬೆಳೆಯುವ ಮನೆತನ. ಅವರದು ಸರಸಂಬಾದ ಪಕ್ಕದ ಒಂದು ಸಣ್ಣ ಊರು. ಅವರ ತಂದೆ ಬೇರೆಯವರ ಹೊಲದಲ್ಲಿ ವರ್ಷದ ಆಳಾಗಿ ದುಡಿದವರು ಎಂಬುದನ್ನು ಅವರೇ ಮೊದಲನೇ ವಾರ ಹೇಳಿದ್ದರು. ಮುಚ್ಚಿಡುವ ಸ್ವಭಾವ ಅವರದಲ್ಲ. ನನಗಿಂತ ಎರಡು ವರ್ಷ ದೊಡ್ಡವರು, ತೆಳ್ಳಗೆ ಎತ್ತರಕ್ಕೆ ಇದ್ದರು. ಅಂಗಿಗೆ ಇಸ್ತ್ರಿ ಮಾಡದೆ ಹೊರಗೆ ಹೊರಡುತ್ತಿರಲಿಲ್ಲ. ನಾವು ಒಬ್ಬರಿಗೊಬ್ಬರು 'ಸರ್ರ' ಎಂದೇ ಕರೆಯುತ್ತಿದ್ದೆವು. ಒಂದೇ ಒಲೆಯ ಮೇಲೆ ರೊಟ್ಟಿ ಬಡಿದು ತಿನ್ನುತ್ತಿದ್ದರೂ ಆ 'ಸರ್ರ' ಹೋಗಲಿಲ್ಲ.

ಒಂದು ದಿನ ಮಕ್ಕಳ ಟಿ.ಸಿ. ತೆಗೆದುಕೊಳ್ಳಲು ಇಬ್ಬರು ತಂದೆಯರು ಶಾಲೆಗೆ ಬಂದರು. ನಮ್ಮ ಹೆಡ್‌ಮಾಸ್ತರು ಬಿಳಿ ಧೋತರ ಉಟ್ಟವರಿಗೆ, "ಬರ್ರಿ, ಕುಂದರ್ರಿ, ಚಾ ತಗೋರಿ" ಎಂದರು. ಬಾಗಿಲಲ್ಲಿ ಚಪ್ಪಲಿ ಇಲ್ಲದೆ ನಿಂತವನ ಕಡೆಗೆ ತಿರುಗಿ, "ಯಾಕ ಬಂದೀಲೇ? ಅಲ್ಲೇ ನಿಂದ್ರು" ಎಂದರು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು. ಆದರೆ ಸಂಜೆ ರೂಮಿಗೆ ಬಂದ ಮೇಲೆ ಗಣಿತದ ಮಾಸ್ತರು ಸ್ಟೋವ್ ಹಚ್ಚುತ್ತಾ ಕೇಳಿದರು.

"ಕನ್ನಡ ಸರ್ರ, ನಿಮ್ಮ ಕ್ರಿಯಾಪದಕ್ಕ ಕಣ್ಣ ಅದಾವೇನ್ರಿ?"

"ಯಾಕ್ರಿ?"

"ಎದುರಿಗಿದ್ದವನ ಧೋತರ ನೋಡೇ ಬಗ್ಗತದ. ಬರ್ರಿ ಅನಬೇಕೋ, ಬಾರಲೇ ಅನಬೇಕೋ ಅದಕ್ಕ ಮೊದಲೇ ಗೊತ್ತಿರ್ತದ. ನಮ್ಮ ಗಣಿತದಾಗ ನೋಡ್ರಿ. ಎರಡಕ್ಕ ಮೂರು ಕೂಡಿಸ್ರಿ, ಕೋಟಿಗಿ ಕೋಟಿ ಕೂಡಿಸ್ರಿ, ಕೂಡಿಸೋ ಗುರುತು ಅಷ್ಟೇ ಇರ್ತದ. ದೊಡ್ಡ ಅಂಕಿ ಬಂತಂತ ಕೈ ಮುಗಿಯಂಗಿಲ್ಲ. ನಿಮ್ಮ ಭಾಷಾದಾಗ ಅಂಥಾ ಪದ ಅದಾವೇನು?"

"ಅದಾವ. ಅವ್ಯಯ ಅಂತೇವಿ."

"ಹಂಗಾದ್ರ ಎಲ್ಲಾ ಪದಾನೂ ಅಂಥಾವೇ ಇರೋ ಭಾಷಾ ಒಂದು ಯಾಕ ಮಾಡಬಾರ್ದು?"

ನಾನು ನಕ್ಕೆ. ಅವರು ನಗಲಿಲ್ಲ. ಮರುದಿನ ಇನ್ನೂರು ಪುಟದ ನೋಟ್‌ಬುಕ್ ತಂದು ನನ್ನ ಮುಂದಿಟ್ಟರು.

ಹೀಗೆ ಶುರುವಾಯಿತು. ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ, ರೊಟ್ಟಿ ಶೇಂಗಾ ಹಿಂಡಿ ತಿಂದು, ಚಾಪೆಯ ಮೇಲೆ ಎದುರು ಬದುರು ಕೂತು ಭಾಷೆ ಕಟ್ಟುತ್ತಿದ್ದೆವು. ಅದಕ್ಕೆ ಹೆಸರಿಡಲಿಲ್ಲ. 'ಅದು' ಎನ್ನುತ್ತಿದ್ದೆವು. 'ಅದರಾಗ ಹೇಳ್ರಿ' ಎಂದರೆ ಸಾಕು. ಅದರಲ್ಲಿ ಯಾವ ಪದವೂ ಬಾಲ ಬೆಳೆಸುವ ಹಾಗಿರಲಿಲ್ಲ. ನಾನು ಎಂಬುದಕ್ಕೆ 'ಇಮ್', ಎದುರಿಗಿರುವವರು ಯಾರೇ ಆಗಲಿ 'ಒಮ್'. ಬರುವುದಕ್ಕೆ 'ಸೋನ್', ಮಾತಾಡುವುದಕ್ಕೆ 'ಬೆಲ್'. ಕಲೆಕ್ಟರಿಗೂ ಎಮ್ಮೆಗೂ 'ಸೋನ್' ಒಂದೇ. ಇಂಥ ಪದಗಳನ್ನು ಒಂದು ಮಧ್ಯಾಹ್ನದಲ್ಲಿ ಐವತ್ತು ಮಾಡಿ ಎಸೆಯಬಹುದಿತ್ತು. ನಮ್ಮನ್ನು ದಣಿಸಿದ್ದು ಸಣ್ಣ ಪದಗಳು. ಬಾಲ ಇಲ್ಲದ ಪದಗಳನ್ನು ಒಂದಕ್ಕೊಂದು ಹೊಲಿಯುವ ಕೆಲಸವೆಲ್ಲ ಅವುಗಳ ಮೇಲೆಯೇ ಬಿದ್ದಿತ್ತು. ಆಗಿಹೋಯಿತು ಎನ್ನಲು 'ಟೆ', ಇನ್ನು ಆಗಬೇಕು ಎನ್ನಲು 'ಸಿ', ಜೊತೆ ಎನ್ನಲು 'ಮು', ಪ್ರಶ್ನೆಗೆ 'ಝಿ'. ಒಂದೊಂದು ಅಕ್ಷರದ ಈ ಪದಗಳನ್ನು ಎಲ್ಲಿ ಇಡಬೇಕು ಎನ್ನುವುದಕ್ಕೆ ವಾರಗಟ್ಟಲೆ ಜಗಳ ಆಡುತ್ತಿದ್ದೆವು.

ಕಣ್ಣಾರೆ ಕಂಡದ್ದಕ್ಕೆ ಒಂದು, ಬೇರೆಯವರಿಂದ ಕೇಳಿದ್ದಕ್ಕೆ ಇನ್ನೊಂದು ಸಣ್ಣ ಪದ ಇರಲೇಬೇಕೆಂದು ಅವರು ಹಟ ಹಿಡಿದರು. "ನಮ್ಮ ಓಣಿಯವರ ಬಗ್ಗೆ ಊರು ಆಡೋದೆಲ್ಲ ಕೇಳಿದ ಮಾತೇ. ಅದನ್ನ ಕಂಡಂಗ ಹೇಳ್ತಾರ. ಈ ಭಾಷಾದಾಗ ಹಂಗ ಹೇಳಾಕ ಬರಬಾರ್ದು" ಎಂದರು. ನನಗೆ ಅದು ಬಹಳ ಹಿಡಿಸಿತು. ಹಿಡಿಸದಿದ್ದದ್ದು ಇನ್ನೊಂದು. 'ಆದರೆ' ಎಂಬುದಕ್ಕೆ ಪದ ಬೇಡ ಎಂದರು.

"ಆದರೆ ಇಲ್ದ ಭಾಷಾ ನಡೆಯಂಗಿಲ್ಲರಿ ಸರ್ರ" ಎಂದೆ.

"ನಡೀತದ. ನೀ ಶಾಣ್ಯಾ ಇದ್ದಿ, ಆದ್ರ... ನಿನ್ನ ಮಾರ್ಕ್ಸ್ ಚಲೋ ಅದಾವ, ಆದ್ರ... ರೂಮ್ ಖಾಲಿ ಅದ, ಆದ್ರ... ನಾ ಇದನ್ನ ಕೇಳಿ ಕೇಳಿ ಇಷ್ಟು ದೊಡ್ಡಾಂವ ಆಗೇನಿ. ಅದೊಂದು ಪದ ಬ್ಯಾಡ್ರಿ."

ನಾನು ಒಪ್ಪಲಿಲ್ಲ, ಅವರೂ ಬಿಡಲಿಲ್ಲ. ಆ ಪದಕ್ಕೆಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಖಾಲಿ ಬಿಟ್ಟೆವು.

ಎರಡು ವರ್ಷದಲ್ಲಿ ನಾವಿಬ್ಬರೂ ಅದರಲ್ಲಿ ಸರಾಗವಾಗಿ ಮಾತಾಡುವಂತಾದೆವು. ಸಂತೆಯಲ್ಲಿ ಬದನೆಕಾಯಿ ಆರಿಸುತ್ತಾ ಮಾತಾಡುತ್ತಿದ್ದರೆ ಮಾರುವ ಹೆಂಗಸು, "ತೆಲಗರೇನ್ರಿ ನೀವು?" ಎಂದು ಕೇಳಿದ್ದಳು. ಅವರು ಗಂಭೀರವಾಗಿ ಹೌದೆಂದು ತಲೆಯಾಡಿಸಿದರು. ದಾರಿಯುದ್ದಕ್ಕೂ ನಕ್ಕೆವು. ಅವರು ಬಾಯಿ ತೆರೆದು ನಗುವುದನ್ನು ನಾನು ನೋಡಿದ್ದೇ ಆ ಭಾಷೆಯಲ್ಲಿ. ಕನ್ನಡದಲ್ಲಿ ನನಗೆ 'ರಿ' ಹಚ್ಚಿ ಮಾತಾಡುತ್ತಿದ್ದ ಮನುಷ್ಯ ಅದರಲ್ಲಿ 'ಒಮ್' ಎಂದು ಬರಿಗಾಲಲ್ಲಿ ಮಾತಾಡುತ್ತಿದ್ದರು. ಅವರ ದನಿಯೇ ಬೇರೆಯಾಗುತ್ತಿತ್ತು. ನನ್ನದೂ ಆಗುತ್ತಿತ್ತೇನೋ. ಅವರನ್ನು ಕೇಳಲಿಲ್ಲ.

ಮೂರನೇ ವರ್ಷ ನನ್ನ ತಂಗಿಯ ಕುಬಸ ಬಂತು. ಬಸುರಿಗೆ ತವರಿನಲ್ಲಿ ಹಸಿರು ಉಡಿಸಿ, ಉಡಿ ತುಂಬಿ, ಊರಿಗೆಲ್ಲ ಊಟ ಹಾಕುವ ಕಾರ್ಯ. "ಬರಲೇಬೇಕ್ರಿ ಸರ್ರ" ಎಂದು ನಾನೇ ಕರೆದೆ. "ಬರ್ತೇನಿ, ಆದ್ರ ನಿಮ್ಮ ಮನ್ಯಾಗ..." ಎಂದು ಅವರೇ ಒಮ್ಮೆ ಆ ಪದ ಬಳಸಿದರು. "ನಮ್ಮ ಮನ್ಯಾಗ ಅಂಥಾದ್ದೇನಿಲ್ಲ" ಎಂದೆ. ನಿಜವಾಗಿಯೂ ಹಾಗೆ ನಂಬಿದ್ದೆ. ನಮ್ಮ ಪಡಸಾಲೆಯಲ್ಲಿ ಬಸವಣ್ಣನವರ ಫೋಟೋ ಇದೆ. ಬೆಳಿಗ್ಗೆ ವಚನ ಹೇಳದೆ ನಮ್ಮಲ್ಲಿ ಯಾರೂ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಎಲ್ಲರೂ ಒಂದೇ ಎಂಬುದನ್ನು ನಾನು ಅಕ್ಷರ ಕಲಿಯುವ ಮೊದಲೇ ಬಾಯಿಪಾಠ ಮಾಡಿದ್ದೆ.

ಅವರು ಬಿಳಿ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ಬಂದರು. ತಂಗಿಗೆಂದು ಹಸಿರು ಕುಪ್ಪಸದ ಖಣ ತಂದಿದ್ದರು, ಪೇಪರಿನಲ್ಲಿ ನೀಟಾಗಿ ಸುತ್ತಿ. ನಾನು ಅವರನ್ನು ಪಡಸಾಲೆಯಲ್ಲಿ ಜಮಖಾನದ ಮೇಲೆ ಮೊದಲ ಪಂಕ್ತಿಯಲ್ಲಿ ಕೂಡಿಸಿದೆ. ತಾಟು ಬಂತು, ಉಪ್ಪು ಬಡಿಸಿದರು, ಹೋಳಿಗೆಯ ಬುಟ್ಟಿ ಇನ್ನೂ ಆ ತುದಿಯಲ್ಲಿತ್ತು. ನನ್ನ ತಂದೆ ತೀರಿಕೊಂಡ ಮೇಲೆ ಅವರ ತಮ್ಮ, ಕಾಕಾನೇ ಮನೆಗೆ ಹಿರಿಯ. ಅವನು ಪಂಕ್ತಿಯ ಉದ್ದಕ್ಕೂ ಎಲ್ಲರನ್ನೂ ವಿಚಾರಿಸುತ್ತಾ ಬಂದು ಅವರ ಎದುರು ನಿಂತ.

"ಯಾವೂರ್ರಿ ಮಾಸ್ತರ್ರ ನಿಮ್ಮದು?"

"ಸರಸಂಬಾ ಬಾಜೂಕ್ರಿ."

"ಹೌದೇನ್ರಿ! ನಮ್ಮ ಬೀಗರು ಅಲ್ಲಿಯವರೇ. ಯಾರ ಮನೆತನ್ರಿ?"

ಅವರು ತಂದೆಯ ಹೆಸರು ಹೇಳಿದರು. ತಗ್ಗಿದ ದನಿಯಲ್ಲಲ್ಲ, ಶಾಲೆಯಲ್ಲಿ ಹಾಜರಿ ಕರೆಯುವಾಗಿನ ದನಿಯಲ್ಲಿ.

ಕಾಕಾ ಅವರ ಇಸ್ತ್ರಿ ಅಂಗಿಯನ್ನೊಮ್ಮೆ ನೋಡಿದ. ಆಮೇಲೆ ಬಾಯಿ ತೆರೆದಾಗ ಅವನ ಕ್ರಿಯಾಪದಗಳೇ ಬೇರೆಯಾಗಿದ್ದವು.

"ಓ, ಅಂವನ ಮಗನೇನಲೇ ನೀ? ನಿಮ್ಮಪ್ಪ ನಮ್ಮ ಬೀಗರ ಹೊಲದಾಗೇ ಇದ್ದ. ಚಲೋ ಆಳು. ಏಳು, ಹೊರಗ ಕಟ್ಟಿ ಮ್ಯಾಲ ಕುಂದ್ರು. ಊಟ ಅಲ್ಲಿಗೇ ಕಳಸ್ತೇನಿ."

ಸಿಟ್ಟಿನಿಂದ ಹೇಳಲಿಲ್ಲ. ಮಳೆ ಬರುವ ಹಾಗಿದೆ, ಬಣವೆಗೆ ತಾಡಪತ್ರಿ ಮುಚ್ಚು ಎಂದು ಹೇಳುವ ಹಾಗೆ ಹೇಳಿದ. ಪಂಕ್ತಿಯಲ್ಲಿದ್ದವರು ತಾಟು ನೋಡುತ್ತಾ ಕೂತರು. ಗಣಿತದ ಮಾಸ್ತರು ಎದ್ದು ನಿಂತರು. ನಾನು ಮೂರು ಮಾರು ದೂರದಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಅವರು ನನ್ನ ಕಡೆ ನೋಡಿ, ಆ ಮನೆಯಲ್ಲಿ ನನ್ನೊಬ್ಬನಿಗೇ ತಿಳಿಯುವ ಮೂರು ಪದ ಹೇಳಿದರು.

"ಒಮ್ ಬೆಲ್ ಝಿ?"

ನೀನು, ಮಾತು, ಪ್ರಶ್ನೆ. ಅಷ್ಟೇ. ಅದರಲ್ಲಿ ಕಾಲ ಸೂಚಿಸುವ ಪದ ಇರಲಿಲ್ಲ. ನನ್ನ ತಲೆಯಲ್ಲಿ ಮೊದಲು ಹೊಳೆದದ್ದು ಅದೇ. ಒಂದು ಪದ ಬಿಟ್ಟಿದ್ದಾರೆ, ವಾಕ್ಯ ತಪ್ಪಾಗಿದೆ ಎಂಬುದು. ಇದನ್ನು ನಾನು ಇಂದಿನವರೆಗೆ ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಒಬ್ಬ ಮನುಷ್ಯ ನನ್ನ ಮನೆಯಲ್ಲಿ ತಾಟಿನ ಮುಂದಿನಿಂದ ಎದ್ದು ನಿಂತು ನನ್ನನ್ನು ಕರೆಯುತ್ತಿದ್ದಾಗ ನಾನು ಅವರ ವ್ಯಾಕರಣ ತಿದ್ದುತ್ತಿದ್ದೆ.

ಕನ್ನಡದಲ್ಲಿ ಉತ್ತರ ಕೊಟ್ಟೆ. ಹತ್ತಿರ ಹೋಗಿ, ಯಾರಿಗೂ ಕೇಳದ ಹಾಗೆ, "ಇವತ್ತೊಂದಿನ ಸುಧಾರಿಸ್ಕೋರಿ ಸರ್ರ. ಕಾಕಾ ಹಳೇ ಮಂದಿ. ನನಗೇನೂ ಇಲ್ಲ, ಆದ್ರ ಕಾರ್ಯದ ಮನಿ..." ಎಂದೆ.

"ಆತ್ರಿ" ಎಂದರು.

ಹೊರಗೆ ಕಟ್ಟೆಯ ಮೇಲೆ ಕೂತರು. ಒಳಗೆ ಎಲ್ಲರಿಗೂ ಸ್ಟೀಲಿನ ತಾಟು. ಅವರಿಗೆ ಪತ್ರಾವಳಿಯಲ್ಲಿ ಹೋಯಿತು. ಎದ್ದು ಹೋಗಿಬಿಡಲಿ ಎಂದು ನಾನು ಒಳಗಿನಿಂದ ಬೇಡಿಕೊಳ್ಳುತ್ತಿದ್ದೆ. ಅವರು ಹೋಗಲಿಲ್ಲ. ಹೋಳಿಗೆ, ಎಣ್ಣೆಗಾಯಿ, ಅನ್ನ, ಕಟ್ಟಿನ ಸಾರು, ಎಲ್ಲವನ್ನೂ ನಿಧಾನವಾಗಿ ಉಂಡರು. ಪತ್ರಾವಳಿಯನ್ನು ತಾವೇ ಮಡಚಿ ತಿಪ್ಪೆಗೆ ಒಗೆದು ಬಂದರು. ಖಣದ ಪೊಟ್ಟಣವನ್ನು ನನ್ನ ಕೈಗಿಟ್ಟು, "ತಂಗಿಗಿ ಕೊಡ್ರಿ. ಚಂದ ಆಗಲಿ" ಎಂದು ಹೇಳಿ ಬಸ್ಸಿನ ಹಾದಿ ಹಿಡಿದರು. ಆ ಖಣ ತಂಗಿಯ ಉಡಿಗೆ ಬೀಳಲಿಲ್ಲ. ಕಾಕಾನ ಹೆಂಡತಿ ಅದನ್ನು ತೆಗೆದಿಟ್ಟು, ಮುಂದೆ ಕಳೆ ತೆಗೆಯಲು ಬಂದ ಹೆಂಗಸೊಬ್ಬಳಿಗೆ ಕೊಟ್ಟಳು. ಅದನ್ನೂ ನಾನು ನೋಡಿದೆ. ಆಗಲೂ ಸುಮ್ಮನಿದ್ದೆ.

ಸೋಮವಾರ ಜೇವರ್ಗಿಗೆ ಹಿಂತಿರುಗಿದೆ. ಅವರು ಜಗಳಾಡಿದ್ದರೆ ಎಷ್ಟೋ ಸುಲಭವಿತ್ತು. ಅವರು ಎಂದಿನಂತೆ ಚಹಾ ಸೋಸಿ ನನ್ನ ಕಪ್ಪನ್ನು ಮುಂದಿಟ್ಟರು. "ಪ್ರವಾಸ ಹೆಂಗಾತ್ರಿ?" ಎಂದು ಕೇಳಿದರು. ನಾನು ನಮ್ಮ ಭಾಷೆಯಲ್ಲಿ ಮಾತು ಶುರು ಮಾಡಿದೆ. ತಪ್ಪಾಯಿತು ಎಂಬುದಕ್ಕೆ ನಾವು ಪದ ಮಾಡಿರಲಿಲ್ಲ. 'ಇಮ್ ಬೆಲ್' ಎಂದು ಹೇಳಿ ಮುಂದೆ ಇಲ್ಲ ಎಂಬ ಸಣ್ಣ ಪದಕ್ಕೆ ತಡಕಾಡುತ್ತಿದ್ದೆ. ಅವರು ಕೈ ಎತ್ತಿ ತಡೆದರು.

"ಅದು ಸಾಕ್ರಿ ಸರ್ರ. ಆಟ ಆಡಿದ್ದು ಆತು."

"ಆಟ ಅಲ್ಲರಿ ಅದು."

"ನಿಮಗ ಆಟ ಅಲ್ಲ ಅಂದ್ರ ಅವತ್ತು ಉತ್ತರಾನೂ ಅದರಾಗೇ ಬರ್ತಿತ್ತು" ಎಂದರು. ಸಿಟ್ಟಿಲ್ಲದೆ, ಲೆಕ್ಕದಲ್ಲಿ ಹುಡುಗರು ಎಲ್ಲಿ ತಪ್ಪಿದರು ಎಂದು ತೋರಿಸುವ ಹಾಗೆ.

ಆ ಬೇಸಿಗೆಯಲ್ಲಿ ಯಡ್ರಾಮಿಗೆ ವರ್ಗ ಕೇಳಿಕೊಂಡು ಹೋದರು. ಯಡ್ರಾಮಿ ಆಗ ಇನ್ನೂ ಜೇವರ್ಗಿ ತಾಲ್ಲೂಕಿಗೇ ಸೇರಿತ್ತು. ಟ್ರಂಕು ಇಳಿಸಲು ನಾನೂ ಕೈ ಹಚ್ಚಿದೆ. ನೋಟ್‌ಬುಕ್ ಗೂಡಿನಲ್ಲೇ ಬಿಟ್ಟು ಹೋಗಿದ್ದರು. ಮರೆತು ಹೋದದ್ದಲ್ಲ. ಆ ಗೂಡನ್ನು ಒರೆಸಿ, ನೋಟ್‌ಬುಕ್ಕನ್ನು ನನ್ನ ಪುಸ್ತಕಗಳ ಮೇಲೆ ಸರಿಯಾಗಿ ಇಟ್ಟು ಹೋಗಿದ್ದರು.

ಮುಂದಿನ ವರ್ಷಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಅವರಿಗೆ ಮೂರು ಪತ್ರ ಬರೆದೆ, ಮೂರೂ ಅದರಲ್ಲೇ. ಉತ್ತರ ಬರಲಿಲ್ಲ. ಕನ್ನಡದಲ್ಲಿ ಬರೆದಿದ್ದರೆ ಬರುತ್ತಿತ್ತೇನೋ. ಕನ್ನಡದಲ್ಲಿ ಬರೆಯಲು ಧೈರ್ಯ ಬರಲಿಲ್ಲ, ಅಲ್ಲಿ ತಪ್ಪಾಯಿತು ಎಂಬುದಕ್ಕೆ ಪದ ಇದೆ. ನನಗೆ ಅಫಜಲಪುರಕ್ಕೆ ವರ್ಗವಾಯಿತು. ಹೆಂಡತಿ ಮಕ್ಕಳನ್ನು ಕರೆತಂದೆ. ಭಾನುವಾರ ಒಬ್ಬನೇ ಕೂತು ಆ ನೋಟ್‌ಬುಕ್ ಮುಂದುವರಿಸುತ್ತಿದ್ದೆ. ಹೆಂಡತಿ ಒಮ್ಮೆ, "ಯಾರಿಗಿ ಬರ್ಯಾಕತ್ತೀರಿ?" ಎಂದು ಕೇಳಿದಳು. "ಯಾರಿಗೂ ಇಲ್ಲ" ಎಂದೆ. ಅವಳು ಪುಟ ತಿರುವಿ ನೋಡಿ, ಏನೂ ತಿಳಿಯದೆ, ಹೆದರಿದ ಮುಖ ಮಾಡಿಕೊಂಡು ಒಳಗೆ ಹೋದಳು. ಮಗಳಿಗೆ ಚಿಕ್ಕಂದಿನಲ್ಲಿ ಹತ್ತು ಪದ ಕಲಿಸಿದೆ. ಶಾಲೆಗೆ ಸೇರಿದ ಮೇಲೆ ಮರೆತಳು. ಇತ್ತೀಚೆಗೆ ಅದನ್ನು ಫೋನಿನಲ್ಲಿ ಬರೆದಿಡಲು ಹೋದರೆ ಫೋನು ಒಪ್ಪಲಿಲ್ಲ. 'ಮು' ಎಂದು ಒತ್ತಿದರೆ 'ಮುಂದೆ' ಎನ್ನುತ್ತಿತ್ತು, 'ಸಿ' ಎಂದರೆ 'ಸಿಕ್ಕಿತು' ಎನ್ನುತ್ತಿತ್ತು. ನಮ್ಮ ಸಣ್ಣ ಪದಗಳಿಗೆಲ್ಲ ಅದು ಬಾಲ ಅಂಟಿಸಿ ಕೊಡುತ್ತಿತ್ತು. ಎರಡು ಪುಟ ಹೊಡೆದು ಬಿಟ್ಟುಬಿಟ್ಟೆ.

ನಿವೃತ್ತಿಗೆ ಇನ್ನೊಂದು ವರ್ಷ ಇದ್ದಾಗ ಚುನಾವಣೆಯ ತರಬೇತಿಯಲ್ಲಿ ಯಡ್ರಾಮಿಯ ಮಾಸ್ತರೊಬ್ಬರು ಪಕ್ಕ ಕೂತಿದ್ದರು. ಅವರು ಮಾತಿಗೆ ಮಾತು ಬಂದು, ಗಣಿತದ ಮಾಸ್ತರಿಗೆ ಲಕ್ವಾ ಹೊಡೆದಿದೆ, ಬಲಗೈ ಮತ್ತು ಮಾತು ಹೋಗಿವೆ ಎಂದರು. ಅದು ಗೊತ್ತಾದ ಮೇಲೂ ನಾನು ಹೋಗಲು ನಾಲ್ಕು ತಿಂಗಳು ತೆಗೆದುಕೊಂಡೆ.

ಅಫಜಲಪುರದಿಂದ ಜೇವರ್ಗಿಗೆ ಒಂದು ಬಸ್ಸು, ಅಲ್ಲಿಂದ ಯಡ್ರಾಮಿಗೆ ಇನ್ನೊಂದು. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಊರಿನಲ್ಲಿ ಎಲ್ಲರಿಗೂ ಅವರ ಮನೆ ಗೊತ್ತಿತ್ತು. ಅವರ ಹೆಂಡತಿಯನ್ನು ನಾನು ಮೊದಲು ಕಂಡಿರಲಿಲ್ಲ. ಹೆಸರು ಹೇಳಿದ ಕೂಡಲೇ ಗುರುತು ಹಿಡಿದರು.

"ಬರ್ರಿ ಅಣ್ಣಾ, ಬರ್ರಿ. ಜೇವರ್ಗಿಯಾಗ ಕೂಡಿ ಇದ್ರಂತಲ್ಲ. ಭಾಳ ಹೇಳ್ತಿದ್ರು ನಿಮ್ಮದು."

"ಏನು ಹೇಳ್ತಿದ್ರವ್ವಾ?"

"ನೀವು ರೊಟ್ಟಿ ಭಾಳ ದಪ್ಪ ಬಡೀತಿದ್ರಂತ" ಎಂದು ನಕ್ಕರು. ಅಷ್ಟೇ ಹೇಳಿದ್ದರು ಅವರು. ಬೇರೆ ಏನನ್ನೂ ಮನೆಗೆ ತಂದಿರಲಿಲ್ಲ.

ಅವರು ಒಳಕೋಣೆಯಲ್ಲಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಅಂಗಿಗೆ ಇಸ್ತ್ರಿ ಇತ್ತು. ಬಾಯಿ ಒಂದು ಕಡೆ ಜಾರಿತ್ತು. ನನ್ನನ್ನು ನೋಡಿ ಬಹಳ ಹೊತ್ತು ಏನನ್ನೋ ಹುಡುಕಿ, "ಕನ್ನಡ" ಎಂದರು.

"ಹೌದ್ರಿ ಸರ್ರ, ನಾನೇ" ಎಂದೆ.

"ಬಾ" ಎಂದರು. "ಕುಂದ್ರು."

ಅವರ ಹೆಂಡತಿ ಗಾಬರಿಯಾಗಿ, "ಸಿಟ್ಟಾಗಬ್ಯಾಡ್ರಿ ಅಣ್ಣಾ, ಅವರಿಗಿ ತಿಳಿಯಂಗಿಲ್ಲ. ಎಲ್ಲಾರಿಗೂ ಹಂಗೇ ಅಂತಾರ. ಮೊನ್ನಿ ಸ್ವಾಮಿಗಳು ಮನಿಗಿ ಬಂದ್ರ ಅವರಿಗೂ ಬಾ ಅಂದ್ರು" ಎಂದರು. ಕಲಬುರಗಿಯ ಡಾಕ್ಟರು ಅವರಿಗೆ ಹೇಳಿದ್ದರಂತೆ, ದೊಡ್ಡ ಪದಗಳು ಉಳಿದಿವೆ, ಕೂಡಿಸುವ ಸಣ್ಣ ಪದಗಳು ಹೋಗಿವೆ, ಪದಗಳ ತುದಿಗಳೂ ಹೋಗಿವೆ ಎಂದು. ಅವರು ನೀರು ಎನ್ನುತ್ತಿದ್ದರು, ನೀರನ್ನು ಎನ್ನಲು ಬರುತ್ತಿರಲಿಲ್ಲ. ಮಗಳು, ಬಸ್ಸು, ಕಲಬುರಗಿ ಎನ್ನುತ್ತಿದ್ದರು. ಮಗಳು ಬಸ್ಸಿನಲ್ಲಿ ಹೋದಳೋ, ಬಂದಳೋ, ಬರುವವಳೋ, ಕೇಳುವವರೇ ಊಹಿಸಬೇಕಿತ್ತು. ಯಾರೆದುರಿಗೂ ಬಾಗದ ಕ್ರಿಯಾಪದ ಬೇಕೆಂದಿದ್ದ ಮನುಷ್ಯನಿಗೆ ಅದು ಈ ರೀತಿಯಲ್ಲಿ ಸಿಕ್ಕಿತ್ತು.

ನನಗೆ ಅಲ್ಲೊಂದು ಹುಚ್ಚು ಆಸೆ ಹುಟ್ಟಿತು. ಕನ್ನಡ ಹೋಗಿದ್ದರೂ ನಮ್ಮ 'ಅದು' ಎಲ್ಲಾದರೂ ಉಳಿದಿರಬಹುದು, ಅದರಲ್ಲಿ ತುದಿಗಳೇ ಇಲ್ಲವಲ್ಲ, ಅವರಿಗೆ ಸುಲಭವಾದೀತು ಎನ್ನಿಸಿತು. ಮುಂದಿನ ಭಾನುವಾರ ಸಣ್ಣ ಪದಗಳನ್ನು ಒಂದೊಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಂಡು ಹೋದೆ. ಅವರ ಮುಂದೆ ಹಾಸಿಗೆಯ ಮೇಲೆ ಹರಡಿದೆ. ಅವರು ಎಡಗೈಯಿಂದ ಒಂದೊಂದನ್ನೇ ಎತ್ತಿ, ಹತ್ತಿರ ಹಿಡಿದು ನೋಡಿ, ಕೆಳಗಿಟ್ಟರು. ಒಟ್ಟು ಏಳು ಭಾನುವಾರ ಹೋದೆ. ಪ್ರತಿ ಸಲವೂ ಹೇಳಿಕೊಡುತ್ತಿದ್ದೆ. ಅವರು ನನ್ನ ತುಟಿಗಳನ್ನೇ ನೋಡುತ್ತಾ ಹೇಳಲು ಹೋಗಿ, ಗಂಟಲಲ್ಲಿ ಏನೋ ಸಿಕ್ಕಿದವರ ಹಾಗೆ ನಿಲ್ಲುತ್ತಿದ್ದರು. ಸಣ್ಣ ಪದಗಳು ಯಾವ ಭಾಷೆಯವಾದರೇನು, ಅವು ಇರುವ ಜಾಗವೇ ಹಾಳಾಗಿತ್ತು. ಮೂರನೇ ಭಾನುವಾರವೇ ನನಗೆ ಅದು ತಿಳಿದಿತ್ತು. ತಿಳಿದೂ ಏಳನೆಯದರವರೆಗೆ ಹೋದೆ. ಅವರಿಗಾಗಿ ಹೋಗುತ್ತಿದ್ದೆ ಎಂದುಕೊಂಡಿದ್ದೆ. ನಿಜವೆಂದರೆ, ಅವರು ಒಮ್ಮೆ ಅದರಲ್ಲಿ ಮಾತಾಡಿದರೆ ನನ್ನ ಮೇಲಿನ ಭಾರ ಇಳಿಯುತ್ತದೆ ಎಂಬ ಸ್ವಾರ್ಥ.

ಏಳನೇ ಭಾನುವಾರ ಅವರು ಚೀಟಿಗಳನ್ನೆಲ್ಲ ಅಂಗೈಯಿಂದ ಬದಿಗೆ ಸರಿಸಿದರು. ನನ್ನ ಮುಖ ನೋಡಿ, ಒಂದೊಂದೇ ಪದವನ್ನು ಬಹಳ ಕಷ್ಟದಿಂದ ಹೊರಗೆ ತಂದರು.

"ಕುಬಸ" ಎಂದರು. ತಡೆದರು. "ಕಾಕಾ." ಮತ್ತೆ ತಡೆದರು. "ಕಟ್ಟಿ. ಊಟ."

ಅವರ ಹೆಂಡತಿ ಅಡುಗೆಮನೆಯಿಂದಲೇ, "ಊಟ ಬೇಕೇನ್ರಿ? ತರ್ತೇನಿ, ಒಂದೀಟು ತಡೀರಿ" ಎಂದು ಕೂಗಿದರು.

ಅವರು ಆ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಆ ನಾಲ್ಕು ಪದಗಳ ನಡುವೆ ಏನನ್ನು ತುಂಬಬೇಕೋ ಅದನ್ನು ತುಂಬಬಲ್ಲವನು ಲೋಕದಲ್ಲಿ ನಾನೊಬ್ಬನೇ ಎಂದು ಅವರಿಗೆ ಗೊತ್ತಿತ್ತು. ನಾನು ಅವರ ಎಡಗೈ ಹಿಡಿದುಕೊಂಡೆ. "ತಪ್ಪಾತ್ರಿ ಸರ್ರ" ಎಂದೆ. ಅಷ್ಟು ವರ್ಷಗಳಾದ ಮೇಲೆ, ಕನ್ನಡದಲ್ಲಿ. "ನಾ ಅವತ್ತು ಮಾತಾಡಬೇಕಿತ್ತು. ಮಾತಾಡಲಿಲ್ಲ. ತಪ್ಪಾತು."

ಅವರ ತುಟಿ ಅಲುಗಾಡಿತು. ಏನೋ ಹೇಳಲು ಹೊರಟರು. ಹೋಗಲಿ ಬಿಡು ಎಂದೋ, ಬಿಡುವುದಿಲ್ಲ ಎಂದೋ, ಈಗ ಹೇಳಿ ಏನು ಉಪಯೋಗ ಎಂದೋ. ಏನಿದ್ದರೂ ಅದಕ್ಕೆ ಆ ಸಣ್ಣ ಪದಗಳು ಬೇಕಿತ್ತು. ಅವು ಬರಲಿಲ್ಲ. "ನೀ" ಎಂದರು. "ನೀ... ನೀ..." ಎಂದರು. ಆಮೇಲೆ ಕಣ್ಣು ತುಂಬಿ, ತಲೆಯನ್ನು ಗೋಡೆಯ ಕಡೆ ತಿರುಗಿಸಿದರು. ಅವರ ಹೆಂಡತಿ ತಾಟು ತಂದು ಅನ್ನ ಕಲಸಿ ತುತ್ತು ಬಾಯಿಗೆ ಇಟ್ಟರು. ಅವರು ಉಂಡರು. ನಾನು ಚೀಟಿಗಳನ್ನು ಆಯ್ದು ಜೇಬಿಗೆ ಹಾಕಿಕೊಂಡು ಹೊರಬಿದ್ದೆ. ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಒಂದು ಗಿರಣಿಯ ಮುಂದಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಹಿಟ್ಟು ಹಾಕಿಸಲು ಬಂದ ಮುದುಕಿಯೊಬ್ಬಳು, "ಯಾಕೋ ಯಪ್ಪಾ, ಚಕ್ಕರ್ ಬಂತೇನು?" ಎಂದು ನೀರು ಕೊಟ್ಟಳು.

ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ಮನೆಯವರಿಗೆ ಮೊಣಕಾಲು ನೋವು ಎಂದು ಹೇಳಿದೆ. ಜೋಳದ ರಾಶಿಯ ದಿನಗಳಲ್ಲಿ ಅವರ ಮಗಳು ಫೋನ್ ಮಾಡಿದಳು. ಎರಡನೇ ಸಲ ಲಕ್ವಾ ಹೊಡೆದು ಅಪ್ಪ ಹೋದರು ಎಂದಳು. ಮಣ್ಣಿಗೆ ಹೋಗಿ ಬಂದೆ. ಶಾಲೆಯ ಹುಡುಗರು, ಹಳೆಯ ವಿದ್ಯಾರ್ಥಿಗಳು ಬಹಳ ಜನ ಸೇರಿದ್ದರು. ಯಾರೋ ನನ್ನನ್ನು ಎರಡು ಮಾತು ಆಡಿ ಎಂದರು. ಅವರು ಲೆಕ್ಕವನ್ನು ಬಹಳ ಚೆನ್ನಾಗಿ ಕಲಿಸುತ್ತಿದ್ದರು, ಶಿಸ್ತಿನ ಮನುಷ್ಯ ಎಂದೆ. ಎಲ್ಲರೂ ಆಡುವ ಮಾತನ್ನೇ ಆಡಿದೆ.

ನಾನು ನಿವೃತ್ತನಾಗಿ ಆಳಂದದಲ್ಲಿ ಮನೆ ಮಾಡಿಕೊಂಡಿದ್ದೇನೆ. ನೋಟ್‌ಬುಕ್ ಅಲಮಾರಿಯಲ್ಲಿದೆ. ಆ ಭಾಷೆಯನ್ನು ಬಲ್ಲವನು ಈಗ ಒಬ್ಬನೇ ಇದ್ದಾನೆ. ಒಬ್ಬನಿಗೆ 'ಒಮ್' ಎಂಬ ಪದದಿಂದ ಏನು ಪ್ರಯೋಜನ? ನಾನು ಪ್ರಾರ್ಥನೆಗೂ ಅದನ್ನು ಬಳಸಿ ನೋಡಿದೆ. ದೇವರಿಗೂ ಅದು ತಿಳಿಯುವ ಹಾಗೆ ಕಾಣಲಿಲ್ಲ.

ಕಳೆದ ತಿಂಗಳು ಅವರ ಮಗಳು ಮತ್ತೆ ಫೋನ್ ಮಾಡಿದ್ದಳು. "ಅಪ್ಪಾರ ವರ್ಷದ ಕಾರ್ಯ ಇಟ್ಟೇವ್ರಿ. ನೀವು ಬರಲೇಬೇಕು. ಅವ್ವ ಭಾಳ ನೆನಸ್ತಾಳ" ಎಂದಳು. ಬರುತ್ತೇನೆ ಎಂದೆ. ಕಾರ್ಯದ ದಿನ ಬೆಳಿಗ್ಗೆ ಬೇಗ ಎದ್ದು ಅಂಗಿಗೆ ಇಸ್ತ್ರಿ ಮಾಡಿಸಿಕೊಂಡು ಹೊರಟೆ. ಕಲಬುರಗಿಯಲ್ಲಿ ಬಸ್ಸು ಬದಲಿಸಿ ಜೇವರ್ಗಿಗೆ ಬಂದು ಇಳಿದೆ. ಯಡ್ರಾಮಿಯ ಬಸ್ಸು ನಿಂತಿತ್ತು. ಕಂಡಕ್ಟರ್ "ಯಡ್ರಾಮಿ, ಯಡ್ರಾಮಿ" ಎಂದು ಕೂಗುತ್ತಿದ್ದ. ನಾನು ಬೆಂಚಿನ ಮೇಲೆ ಕೂತಿದ್ದೆ. ಅವನು ನನ್ನ ಕಡೆ ನೋಡಿ, "ಬರ್ತೀರೇನ್ರಿ ಯಜಮಾನ್ರ?" ಎಂದ. ತಲೆಯಾಡಿಸಿದೆ, ಇಲ್ಲವೆಂದು. ಆ ಬಸ್ಸು ಹೋಯಿತು. ಇನ್ನೊಂದು ಬಂತು, ಅದೂ ತುಂಬಿಕೊಂಡು ಹೋಯಿತು. ಅಲ್ಲಿ ಊಟಕ್ಕೆ ಕೂಡಿಸುವ ಹೊತ್ತು ಆಗಿರಬೇಕು ಎನ್ನಿಸಿದಾಗ ಎದ್ದು ಕಲಬುರಗಿಯ ಬಸ್ಸು ಹತ್ತಿದೆ.

ಸಂಜೆ ಮನೆಗೆ ಬಂದಾಗ ಹೆಂಡತಿ ಅಂಗಳದಲ್ಲಿ ತೊಗರಿಬೇಳೆ ಹಸನ ಮಾಡುತ್ತಾ ಕೂತಿದ್ದಳು. ತಲೆಯೆತ್ತಿ ಕೇಳಿದಳು.

"ಹೆಂಗಾತ್ರಿ ಕಾರ್ಯ? ಮಂದಿ ಕೂಡಿತ್ತೇನು?"

"ಚಲೋ ಆತು" ಎಂದೆ. "ಮಂದಿ ಭಾಳ ಇತ್ತು."

"ಊಟ?"

"ಉಂಡು ಬಂದೇನಿ" ಎಂದು ಹೇಳಿ ಒಳಗೆ ಹೋಗಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದೆ.